ಹದಿನೇಳನೇ ಬಾಟಲಿ ಮತ್ತು ನನ್ನ ಮೊದಲ ಪೇಪರ್

ಪಿಎಚ್‌ಡಿ ಸೇರಿ ಎರಡೂವರೆ ವರ್ಷ ಆಗಿತ್ತು. ಬಯಲುಸೀಮೆಯ ಒಂದು ತಾಲ್ಲೂಕಿನ 48 ಬೋರ್‌ವೆಲ್‌ಗಳ ನೀರು ತಂದು, ಪರೀಕ್ಷೆ ಮಾಡಿ, ಎಕ್ಸೆಲ್ ಶೀಟ್ ತುಂಬಿಸಿ ಇಟ್ಟಿದ್ದೆ. ನನ್ನ ವಿಷಯ ಅಂತರ್ಜಲದಲ್ಲಿ ಫ್ಲೋರೈಡ್, ಅಂದರೆ ಕಲ್ಲಿನಿಂದ ನೀರಿಗೆ ಸೇರಿ, ಜಾಸ್ತಿಯಾದರೆ ಹಲ್ಲು ಕೆಡಿಸುವ ಅಂಶ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಲ್ಲಿನ ಮೇಲಿನ ಕಂದು ಕಲೆಯೇ ಹೇಳುತ್ತದೆ. ಲ್ಯಾಬ್ ಕೆಲಸ ಮುಗಿಯಿತು, ಇನ್ನು ಜರ್ನಲ್ಲಿಗೆ ಪೇಪರ್ ಬರೆಯುವುದೊಂದೇ ಬಾಕಿ ಅಂದುಕೊಂಡೆ. ಬರೆಯೋಕೆ ಏನು, ಜಾಸ್ತಿ ಅಂದರೆ 15 ದಿನ. ಹಿಡಿದದ್ದು 14 ತಿಂಗಳು.

ಮೊದಲ ಡ್ರಾಫ್ಟ್ 31 ಪುಟ ಆಯಿತು. ಹೆಮ್ಮೆಯಿಂದ ಪ್ರಿಂಟ್ ತೆಗೆದು, ಮೂಲೆಗೆ ಪಿನ್ ಹೊಡೆದು ಗೈಡ್ ಮೇಡಂ ಟೇಬಲ್ ಮೇಲೆ ಇಟ್ಟೆ. ಮೂರು ದಿನ ಬಿಟ್ಟು ಕರೆದರು. ಮೊದಲ ವಾಕ್ಯದ ಮೇಲೇ ಕೆಂಪು ಗೀಟು. 'ಭೂಮಿಯ ಮೇಲಿನ ಎಲ್ಲ ಜೀವಿಗಳಿಗೂ ನೀರು ಅತ್ಯಗತ್ಯ' ಅಂತ ಇಂಗ್ಲಿಷಿನಲ್ಲಿ ಬರೆದಿದ್ದೆ.

"ಇದು ಗೊತ್ತಿಲ್ಲದೇ ಇರೋರು ಯಾರಾದರೂ ನಿನ್ನ ಪೇಪರ್ ಓದ್ತಾರೇನಮ್ಮ?" ಅಂದರು.

ಮುಂದಿನ ಪುಟ ತಿರುಗಿಸಿದರು. ಅಲ್ಲಿ ಗೀಟೂ ಇರಲಿಲ್ಲ, ಏನೂ ಇರಲಿಲ್ಲ. ಓದುವುದನ್ನೇ ಬಿಟ್ಟಿದ್ದರು. "ನೀನು ಮೊದಲು ಏನು ಮಾಡಿದೆ, ಆಮೇಲೆ ಏನು ಮಾಡಿದೆ ಅಂತ ಬರೆದಿದ್ದೀಯ. ಇದು ಡೈರಿ. ನಿನ್ನ ಪ್ರಶ್ನೆ ಯಾವುದು? ಒಂದೇ ವಾಕ್ಯದಲ್ಲಿ ಹೇಳು."

ಹೇಳೋಕೆ ಆಗಲಿಲ್ಲ. "ಫ್ಲೋರೈಡ್ ಎಷ್ಟಿದೆ ಅಂತ ನೋಡೋದು ಮೇಡಂ" ಅಂದೆ. "ಅದನ್ನ ನೋಡಿದವರು ಬೇಕಾದಷ್ಟು ಜನ ಇದ್ದಾರೆ. ನಿನ್ನದು ಯಾವುದು?" ಅಂದರು. ಹಾಸ್ಟೆಲ್‌ಗೆ ಬಂದು ಊಟ ಮಾಡದೆ ಮಲಗಿದೆ.

ಪ್ರಶ್ನೆ ನನ್ನ ಫೀಲ್ಡ್ ನೋಟ್‌ಬುಕ್ಕಿನಲ್ಲೇ ಇತ್ತು. ಅದನ್ನು ಕೇಳಿದ್ದು ನಾನಲ್ಲ, ಒಂದು ಹಳ್ಳಿಯ ನೀರುಗಂಟಿ. ಬೋರ್ ನೀರು ಹಿಡಿಯುವ ಮೊದಲು ಪಂಪ್ ಹಾಕಿ ಹತ್ತು ನಿಮಿಷ ನೀರು ಹೋಗೋಕೆ ಬಿಡಬೇಕು. ಪೈಪಿನಲ್ಲಿ ನಿಂತ ನೀರಲ್ಲ, ನೆಲದೊಳಗಿನ ನೀರು ಬೇಕು. ಆ ಹತ್ತು ನಿಮಿಷ ಸುಮ್ನೆ ನಿಂತಿದ್ದಾಗ ಅವರು ಕೇಳಿದ್ದರು: "ಅಲ್ಲಾ ಮೇಡಂ, ಈ ಬೋರಿಗೂ ಆ ಬೋರಿಗೂ ಒಂದು ಕೂಗಳತೆ. ಇದರ ನೀರು ಕುಡಿದ ಮಕ್ಕಳ ಹಲ್ಲು ಹಿಂಗಾಗೈತೆ, ಅದರ ನೀರು ಕುಡಿದೋರಿಗೆ ಏನೂ ಆಗಿಲ್ಲ. ಯಾಕಂತೀರಾ?" ನನಗೆ ಆಗ ಉತ್ತರ ಗೊತ್ತಿರಲಿಲ್ಲ. 'ಅಣ್ಣ ಕೇಳಿದ್ದು, ಪಕ್ಕದ ಬೋರ್' ಅಂತ ಪೆನ್ಸಿಲ್‌ನಲ್ಲಿ ಗೀಚಿಕೊಂಡು ಮರೆತಿದ್ದೆ.

ಮಾರನೇ ದಿನ ಮೇಡಂ ಹತ್ತಿರ ಹೋಗಿ, "ಒಂದೇ ಊರಿನ, ಒಂದೇ ಥರದ ಕಲ್ಲಿನ ಮೇಲಿರುವ ಎರಡು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಯಾಕೆ ಬೇರೆ ಬೇರೆ?" ಅಂದೆ. ಅವರು ಕನ್ನಡಕ ತೆಗೆದರು. "ಹಾಂ. ಈಗ 31 ಪುಟದಲ್ಲಿ ಇದಕ್ಕೆ ಬೇಡದ್ದೆಲ್ಲ ತೆಗಿ."

ತೆಗೆದಾಗ ಉಳಿದದ್ದು 9 ಪುಟ. ಕಬ್ಬಿಣದ ಅಂಶ ಹೋಯಿತು. ನೈಟ್ರೇಟ್ ಬಗ್ಗೆ ಬರೆದಿದ್ದ ನಾಲ್ಕು ಪ್ಯಾರಾ ಹೋಯಿತು. ಎರಡು ತಿಂಗಳು ಕೂತು ಮಾಡಿದ ಒಂದು ಮ್ಯಾಪ್ ಹೋಯಿತು. ಅದು ಹೋದದ್ದಕ್ಕೆ ಈಗಲೂ ಸಂಕಟವಾಗುತ್ತದೆ. ಕಷ್ಟಪಟ್ಟು ಮಾಡಿದ್ದೆಲ್ಲ ಪೇಪರಿನಲ್ಲಿ ಬರಬೇಕು ಅನ್ನುವ ಆಸೆ ಇದೆಯಲ್ಲ, ಹೊಸಬರ ಪೇಪರ್ ಕೆಡುವುದೇ ಅದರಿಂದ.

ವಿಜ್ಞಾನದ ಪೇಪರಿಗೆ ಒಂದು ಚೌಕಟ್ಟು ಇದೆ: ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ ಇದಕ್ಕೆ 'ಇಮ್ರ್ಯಾಡ್' ಅನ್ನುತ್ತಾರೆ. ಇದು ಅನಾದಿ ಕಾಲದ್ದೇನಲ್ಲ. 1665ರಲ್ಲಿ ಲಂಡನ್ನಿನಲ್ಲಿ 'ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್' ಅನ್ನುವ ವಿಜ್ಞಾನ ಪತ್ರಿಕೆ ಶುರುವಾದಾಗ ಎಷ್ಟೋ ವರದಿಗಳು ಸ್ನೇಹಿತರಿಗೆ ಬರೆದ ಕಾಗದದ ಹಾಗೇ ಇರುತ್ತಿದ್ದವು. ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರ ಮಾರ್ಚ್ 31ರ 'ನೇಚರ್'ನಲ್ಲಿ ತಮ್ಮ ಹೊಸ ಬೆಳಕಿನ ಸುದ್ದಿ ಹೇಳಿದ್ದೂ ಒಂದು ಚಿಕ್ಕ ಪತ್ರದಲ್ಲೇ. ಈಗಿನ ಈ ನಾಲ್ಕು ಕೋಣೆಯ ಮನೆ ಎಲ್ಲ ಕಡೆ ಗಟ್ಟಿಯಾಗಿ ನಿಂತದ್ದು 20ನೇ ಶತಮಾನದ ಎರಡನೇ ಅರ್ಧದಲ್ಲಿ.

ನನಗೆ ಗೊತ್ತಿಲ್ಲದಿದ್ದ ಸಂಗತಿ ಅಂದರೆ, ಓದುವ ಕ್ರಮ ಬೇರೆ, ಬರೆಯುವ ಕ್ರಮ ಬೇರೆ. ನಾನು ಶೀರ್ಷಿಕೆಯಿಂದ ಶುರು ಮಾಡಿ ಸಾಲಾಗಿ ಕೊನೆಯವರೆಗೆ ಬರೆದಿದ್ದೆ. ಮೇಡಂ ಹೇಳಿದ್ದು: ಮೊದಲು ಚಿತ್ರ, ಟೇಬಲ್ಲು. ಆಮೇಲೆ ವಿಧಾನ. ಆಮೇಲೆ ಫಲಿತಾಂಶ, ಚರ್ಚೆ. ಪೀಠಿಕೆ ಅದರ ನಂತರ. ಸಾರಾಂಶ ಎಲ್ಲಕ್ಕಿಂತ ಕೊನೆಗೆ. ಅಡಿಪಾಯಕ್ಕಿಂತ ಮೊದಲು ಬಾಗಿಲಿಗೆ ತೋರಣ ಕಟ್ಟೋಕೆ ಹೋಗಿದ್ದೆ ನಾನು.

ಐದು ಚಿತ್ರ, ಎರಡು ಟೇಬಲ್ ಆರಿಸಿ ಮೇಜಿನ ಮೇಲೆ ಹರಡಿದೆ. ಬರೀ ಇವನ್ನು ನೋಡಿ, ಕೆಳಗಿನ ವಿವರಣೆ ಓದಿದರೆ ಕಥೆ ಅರ್ಥ ಆಗಬೇಕು. ನಮ್ಮ ಲ್ಯಾಬಿನ ಜೂನಿಯರ್ ಹುಡುಗನೊಬ್ಬನನ್ನು ಕೂರಿಸಿ ನೋಡಿಸಿದೆ. ಎರಡನೇ ಚಿತ್ರದ ಹತ್ತಿರ ತಡವರಿಸಿದ. "ಅಕ್ಕ, ಇಲ್ಲಿ ಅಡ್ಡ ಗೆರೆ ಯಾವುದು?" ಅಂದ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಯ ಗೆರೆ ಅದು, 1.5 ಮಿಲಿಗ್ರಾಂ. ಯಾರ ಮಿತಿ ಅಂತ ಬರೆದೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಲೀಟರಿಗೆ 1.5. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500ರ 2012ರ ಆವೃತ್ತಿಯಲ್ಲಿ ಮಿತಿ 1.0, ಬೇರೆ ನೀರೇ ಸಿಗದ ಕಡೆ 1.5ರವರೆಗೆ ಒಪ್ಪಬಹುದು. ಎರಡು ಗೆರೆ ಎಳೆದು, ಎರಡಕ್ಕೂ ಹೆಸರು ಬರೆದೆ.

ಆಮೇಲೆ ವಿಧಾನದ ಭಾಗ. ಇದು ಸುಲಭ ಅಂತ ಎಲ್ಲರೂ ಹೇಳಿದ್ದರು. ಏನು ಮಾಡಿದೆವೋ ಅದನ್ನು ಬರೆಯುವುದು, ಇನ್ನೊಬ್ಬರು ಓದಿ ಹಾಗೇ ಮಾಡಿ ನೋಡುವಂತಿರಬೇಕು, ಅಷ್ಟೇ. ಮೊದಲು ಬರೆದಿದ್ದು ಬೇರೆ ಪೇಪರುಗಳಿಂದ ಎತ್ತಿದ ಸಾಲುಗಳು. ಹೋಲಿಕೆ ಪತ್ತೆ ಮಾಡುವ ಸಾಫ್ಟ್‌ವೇರಿಗೆ ಹಾಕಿದರೆ ಹಳದಿ, ಕೆಂಪು ಬಣ್ಣ ಎಲ್ಲ ಇಲ್ಲೇ ಬಂದಿತ್ತು. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ಶಿಕ್ಷೆ ಇಲ್ಲ. ನನ್ನದು ಅದನ್ನು ಯಾವಾಗಲೋ ದಾಟಿತ್ತು. ಸರಿ, ನೋಟ್‌ಬುಕ್ ತೆಗೆದು, ನಾನು ನಿಜವಾಗಿ ಮಾಡಿದ್ದನ್ನೇ ಬರೆಯೋಣ ಅಂತ ಕೂತೆ.

ಗಾಜಿನದ್ದಲ್ಲ, ಪ್ಲಾಸ್ಟಿಕ್ ಬಾಟಲಿ. ಫ್ಲೋರೈಡ್ ಅಳೆದದ್ದು ಅಯಾನ್ ಎಲೆಕ್ಟ್ರೋಡಿನಲ್ಲಿ. ಅಳೆಯುವ ಮೊದಲು ನೀರಿಗೆ ಸಮಪಾಲು ಟಿಸಾಬ್ ದ್ರಾವಣ ಬೆರೆಸಿದ್ದು, ಯಾಕೆಂದರೆ ಅಲ್ಯೂಮಿನಿಯಂ, ಕಬ್ಬಿಣ ಹಿಡಿದುಕೊಂಡ ಫ್ಲೋರೈಡನ್ನು ಅದು ಬಿಡಿಸುತ್ತದೆ. ಕ್ಯಾಲ್ಸಿಯಂ ನೋಡಿದ್ದು ಇಡಿಟಿಎ ದ್ರಾವಣವನ್ನು ಬಣ್ಣ ತಿರುಗುವವರೆಗೆ ಹನಿಹನಿಯಾಗಿ ಬಿಟ್ಟು ಅಳೆಯುವ ಟೈಟ್ರೇಷನ್‌ನಲ್ಲಿ, ನೀರು ತಂದ ಮಾರನೇ ದಿನ. ಬೈಕಾರ್ಬೊನೇಟ್ ನೋಡಿದ್ದು ಆಸಿಡ್ ಟೈಟ್ರೇಷನ್‌ನಲ್ಲಿ, ನೀರು ತಂದ...

ಪೆನ್ನು ನಿಂತಿತು. ನೋಟ್‌ಬುಕ್ ತಿರುಗಿಸಿದೆ. ನೀರು ತಂದದ್ದು ಮೇ 11. ಬೈಕಾರ್ಬೊನೇಟ್ ಮಾಡಿದ್ದು ಮೇ 20. ನಡುವೆ ಅಕ್ಕನ ಮದುವೆ. 9 ದಿನ.

ಮೊದಲ ಡ್ರಾಫ್ಟಿನಲ್ಲಿ 'ಪ್ರಮಾಣಿತ ವಿಧಾನಗಳನ್ನು ಅನುಸರಿಸಲಾಯಿತು' ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಆ ಒಂದು ಸಾಲಿನ ಕೆಳಗೆ 9 ದಿನ ಬಚ್ಚಿಟ್ಟುಕೊಂಡಿದ್ದವು.

ನೀರಿನ ಲೆಕ್ಕಕ್ಕೆ ಒಂದು ತಾಳೆ ಇದೆ. ನೀರಿನಲ್ಲಿ ಕರಗಿದ, ವಿದ್ಯುತ್ ಆವೇಶ ಇರುವ ಕಣಗಳೇ ಅಯಾನುಗಳು. ಧನ ಅಯಾನುಗಳ ಮೊತ್ತ, ಋಣ ಅಯಾನುಗಳ ಮೊತ್ತ ಹೆಚ್ಚುಕಡಿಮೆ ಸಮ ಬರಬೇಕು. ಅಂಗಡಿಯ ಜಮಾ ಖರ್ಚಿನ ಥರ. ಸಾಮಾನ್ಯವಾಗಿ ಶೇ. 5ರೊಳಗಿನ ವ್ಯತ್ಯಾಸ ಪರವಾಗಿಲ್ಲ, ಎಷ್ಟೋ ಜನ 10ರವರೆಗೂ ಒಪ್ಪುತ್ತಾರೆ. ನಾನು ಅದುವರೆಗೆ ತಾಳೆ ನೋಡಿಯೇ ಇರಲಿಲ್ಲ. ಆ ರಾತ್ರಿ ನೋಡಿದೆ. ಹದಿನೇಳನೇ ಬಾಟಲಿ: ಧನ 9.1, ಋಣ 7.3. ವ್ಯತ್ಯಾಸ 1.8, ಎರಡರ ಮೊತ್ತ 16.4. ಭಾಗಿಸಿದರೆ ಶೇ. 11. ಅಂಥವು ಒಟ್ಟು 11 ಬಾಟಲಿ ಸಿಕ್ಕವು.

ಬೆಳಿಗ್ಗೆ ಸ್ಟೋರ್ ರೂಮಿಗೆ ಹೋಗಿ ಹದಿನೇಳನ್ನು ಹುಡುಕಿ ತೆಗೆದೆ. ಅರ್ಧ ಖಾಲಿ. ಬೆಳಕಿಗೆ ಹಿಡಿದರೆ ತಳದಲ್ಲಿ ಬಿಳಿ ಪದರ. ಬೆರಳಲ್ಲಿ ಉಜ್ಜಿದರೆ ನುಣ್ಣನೆ ಸುಣ್ಣ. ಎರಡು ಹನಿ ಆಸಿಡ್ ಬಿಟ್ಟೆ, ಬುಸ್ ಅಂತ ನೊರೆ ಬಂತು. ಗಡಸು ನೀರು ಗಾಳಿಗೆ ಬಿದ್ದರೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಸೇರಿ ಸುಣ್ಣದ ಕಲ್ಲಾಗಿ ತಳ ಸೇರುತ್ತದೆ. ಕ್ಯಾಲ್ಸಿಯಂ ನಾನು ಮಾರನೇ ದಿನವೇ ಅಳೆದಿದ್ದೆ, ಅದು ಸರಿ ಇತ್ತು. ಬೈಕಾರ್ಬೊನೇಟ್ ಅಳೆಯುವ ಹೊತ್ತಿಗೆ ಅರ್ಧ ಕಥೆ ತಳದಲ್ಲಿ ಕೂತಿತ್ತು.

ಇನ್ನೂ ಕೆಟ್ಟ ಸಂಗತಿ ಮಧ್ಯಾಹ್ನ ಹೊಳೆಯಿತು. 'ಬೈಕಾರ್ಬೊನೇಟ್ ಜಾಸ್ತಿ ಇರುವಲ್ಲಿ ಫ್ಲೋರೈಡ್ ಜಾಸ್ತಿ' ಅನ್ನುವುದು ನನ್ನ ಪೇಪರಿನ ದೊಡ್ಡ ಮಾತು. ಗ್ರಾಫ್ ಎಷ್ಟು ಚಂದ ಇತ್ತು ಅಂದರೆ ಫೋನಿನ ವಾಲ್‌ಪೇಪರ್ ಮಾಡಿಕೊಂಡಿದ್ದೆ. ಬೈಕಾರ್ಬೊನೇಟ್ ಕಳಕೊಂಡ ಬಾಟಲಿಗಳೆಲ್ಲ ಗಡಸು ನೀರಿನವು, ಫ್ಲೋರೈಡ್ ಕಮ್ಮಿ ಇದ್ದವು. ಅಂದರೆ ತಪ್ಪು ನನ್ನ ಮಾತಿಗೆ ವಿರುದ್ಧ ನಿಂತಿರಲಿಲ್ಲ, ನನ್ನ ಪರವಾಗಿಯೇ ನಿಂತಿತ್ತು. ಗ್ರಾಫ್ ಚಂದ ಬಂದದ್ದರಲ್ಲಿ ನನ್ನ ಸೋಮಾರಿತನದ ಪಾಲೂ ಇತ್ತು. ತಪ್ಪು ನಮ್ಮ ಕಡೆ ವಾಲಿದಾಗ ಯಾರೂ ಹುಡುಕುವುದಿಲ್ಲ, ಅಲ್ವಾ?

ಮೇಡಂಗೆ ಹೇಳೋಕೆ ಎರಡು ದಿನ ಧೈರ್ಯ ಬರಲಿಲ್ಲ. ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಹನ್ನೊಂದನ್ನೇ ಮತ್ತೆ ತರಲಾ?" ಅಂದೆ. "ಬೇಸಿಗೆಯ 37, ಚಳಿಗಾಲದ 11 ಸೇರಿಸಿ ಒಂದೇ ಗ್ರಾಫಿನಲ್ಲಿ ಇಡ್ತೀಯಾ?" ಅಂದರು. ಮಳೆ ಬಂದು ನೀರು ಇಂಗಿದ ಮೇಲೆ ಬೋರಿನ ನೀರೇ ಬೇರೆ. ಅಂದರೆ ಮುಂದಿನ ಮೇ ತಿಂಗಳವರೆಗೆ ಕಾಯಬೇಕು, ಎಲ್ಲ 48ನ್ನೂ ಮತ್ತೆ ತರಬೇಕು. ಆಗ ಜನವರಿ.

ಮೇ ತಿಂಗಳಲ್ಲಿ ಬ್ಯುರೆಟ್, ಸ್ಟ್ಯಾಂಡು, ಆಸಿಡ್ ಎಲ್ಲ ಬಾಡಿಗೆ ಓಮ್ನಿಯಲ್ಲಿ ಹೇರಿಕೊಂಡು ಹೋದೆ. ಬೈಕಾರ್ಬೊನೇಟ್ ಟೈಟ್ರೇಷನ್ ಆಯಾ ದಿನವೇ, ಪಂಚಾಯಿತಿ ಕಚೇರಿಯ ಜಗಲಿಯಲ್ಲಿ ಕೂತು ಮಾಡಿದೆ. ರಜೆಯಲ್ಲಿದ್ದ ಮಕ್ಕಳು ಸುತ್ತ ನಿಂತು, ಮಿಥೈಲ್ ಆರೆಂಜ್ ಹಳದಿಯಿಂದ ಬಣ್ಣ ತಿರುಗಿದಾಗಲೆಲ್ಲ "ಓ" ಅಂತ ಕೂಗುತ್ತಿದ್ದರು. ಮೂರು ಬೋರ್ ಬತ್ತಿ ಹೋಗಿದ್ದವು. ಉಳಿದದ್ದು 45. ಈ ಸಲ ತಾಳೆ ಎಲ್ಲದರಲ್ಲೂ ಬಂತು.

ಗ್ರಾಫ್ ಮೊದಲಿನಷ್ಟು ಚಂದ ಬರಲಿಲ್ಲ. ಬೈಕಾರ್ಬೊನೇಟ್‌ಗೂ ಫ್ಲೋರೈಡ್‌ಗೂ ನಂಟು ಇತ್ತು, ಆದರೆ ಸಡಿಲ. ಕ್ಯಾಲ್ಸಿಯಂ ಜತೆಗಿನ ನಂಟು ಮಾತ್ರ ಗಟ್ಟಿಯಾಗಿಯೇ ನಿಂತಿತು: ಕ್ಯಾಲ್ಸಿಯಂ ಕಮ್ಮಿ ಇದ್ದಲ್ಲಿ ಫ್ಲೋರೈಡ್ ಜಾಸ್ತಿ. ಪೇಪರಿನ ದೊಡ್ಡ ಮಾತು ಬದಲಾಯಿತು. ವಾಲ್‌ಪೇಪರ್ ಕೂಡ.

ಫಲಿತಾಂಶ ಮತ್ತು ಚರ್ಚೆಯನ್ನು ಬೇರೆ ಮಾಡುವುದು ನನಗೆ ಬಹಳ ಕಷ್ಟ ಆಯಿತು. ಫಲಿತಾಂಶದಲ್ಲಿ 'ಏನು ಕಂಡಿತು' ಮಾತ್ರ. 'ಯಾಕೆ' ಅನ್ನುವುದು ಚರ್ಚೆಗೆ. ನನ್ನ ಕೈ ಪ್ರತಿ ಸಂಖ್ಯೆಯ ಹಿಂದೆಯೇ 'ಇದಕ್ಕೆ ಕಾರಣ' ಅಂತ ಬರೆಯೋಕೆ ಹೋಗುತ್ತಿತ್ತು. ಇನ್ನೊಂದು ಚಟ, ಟೇಬಲ್ಲಿನಲ್ಲಿ ಇರುವುದನ್ನೆಲ್ಲ ಮತ್ತೆ ವಾಕ್ಯದಲ್ಲಿ ಬರೆಯುವುದು. "ಟೇಬಲ್ ಓದಿ ಹೇಳೋಕೆ ನೀನು ಬೇಕಾಗಿಲ್ಲ. ಅದರಲ್ಲಿ ಏನನ್ನ ನೋಡಬೇಕು ಅಂತ ಹೇಳೋಕೆ ಬೇಕು" ಅಂದರು ಮೇಡಂ.

ಚರ್ಚೆಯನ್ನು ಮೊದಲು ಕನ್ನಡದಲ್ಲಿ ಬರೆದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ನನ್ನದು. ಇಂಗ್ಲಿಷಿನಲ್ಲಿ ನೇರ ಬರೆದರೆ ವಾಕ್ಯ ಗಂಭೀರವಾಗಿ ಕಾಣುತ್ತದೆ, ಒಳಗೆ ಏನೂ ಇರುವುದಿಲ್ಲ. ಕನ್ನಡದಲ್ಲಿ ಹಾಗೆ ಮೋಸ ಮಾಡೋಕೆ ಆಗಲ್ಲ. ನೋಟ್‌ಬುಕ್ಕಿನಲ್ಲಿ ಹೀಗಿತ್ತು: 'ನಮ್ಮ ಕಡೆ ಕಲ್ಲು ಗ್ರಾನೈಟ್, ಇಲ್ಲಾ ನೈಸ್ ಅನ್ನುವ ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು. ಅದರಲ್ಲಿನ ಬಯೋಟೈಟ್, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಲ್ಲಿ ಫ್ಲೋರೈಡ್ ಇದೆ. ಕಲ್ಲು ಎರಡು ಬೋರಿಗೂ ಒಂದೇ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸುತ್ತದೆ, ಒಂದು ಮಟ್ಟ ದಾಟೋಕೆ ಬಿಡಲ್ಲ. ನೀರು ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತು, ಕ್ಯಾಲ್ಸಿಯಂ ಸುಣ್ಣವಾಗಿ ಹೊರಬಿದ್ದರೆ, ಇಲ್ಲಾ ಮಣ್ಣಿನಲ್ಲಿ ಸೋಡಿಯಂ ಜತೆ ಅದಲುಬದಲಾದರೆ, ಹಿಡಿಯುವವರು ಯಾರೂ ಇಲ್ಲ.' ನೆಲದೊಳಗೆ ವರ್ಷಗಟ್ಟಲೆ ನಡೆಯುವುದು ನನ್ನ ಹದಿನೇಳನೇ ಬಾಟಲಿಯಲ್ಲಿ 9 ದಿನದಲ್ಲಿ ನಡೆದಿತ್ತು. ಅದನ್ನು ನೋಡಿದ ಮೇಲೇ ನನಗೆ ಈ ಪ್ಯಾರಾ ಬರೆಯೋಕೆ ಬಂದದ್ದು.

ಹಳ್ಳಿಯ ಹೆಂಗಸರು ಹೇಳಿದ ಒಂದು ಮಾತೂ ಇಲ್ಲಿ ಕೂತಿತು. 'ಆ ಬೋರಿನ ನೀರಲ್ಲಿ ಬೇಳೆ ಬೇಯಲ್ಲ, ಪಾತ್ರೆಗೆ ಬಿಳಿ ಕಟ್ಟುತ್ತೆ' ಅಂತ ಎಲ್ಲರೂ ದೂರುತ್ತಿದ್ದ ಬೋರ್ ಇತ್ತಲ್ಲ, ಫ್ಲೋರೈಡ್ ಕಮ್ಮಿ ಇದ್ದದ್ದು ಅದರಲ್ಲೇ. ಸಿಹಿ ನೀರು ಅಂತ ಸಾಲು ನಿಂತು ಹಿಡಿಯುತ್ತಿದ್ದ ಬೋರಿನಲ್ಲಿ ಮಿತಿ ದಾಟಿತ್ತು. ಬೇಳೆಯ ವಿಷಯ ಬರೆಯಲಾ ಅಂದರೆ ಮೇಡಂ ಸ್ವಲ್ಪ ಯೋಚಿಸಿ "ಒಂದು ವಾಕ್ಯ" ಅಂದರು.

ಚರ್ಚೆಯ ಕೊನೆಗೆ ಕೆಲಸದ ಮಿತಿಗಳನ್ನು ಬರೆಯಬೇಕು. ಒಂದೇ ಋತುವಿನ ನೀರು, ಬೋರಿನ ಆಳಕ್ಕೆ ಮಾಲೀಕರ ಬಾಯಿಮಾತೇ ಆಧಾರ, ಮೂರು ಬೋರ್ ಬತ್ತಿದ್ದು, ಎಲ್ಲ ಬರೆದೆ. ನಾವೇ ನಮ್ಮ ಕಾಲಿಗೆ ಕಲ್ಲು ಹಾಕಿಕೊಂಡ ಹಾಗಾಗುತ್ತೆ ಅಂತ ಹೆದರಿದ್ದೆ. ಹಾಗೇನೂ ಆಗಲಿಲ್ಲ.

ಪೀಠಿಕೆ ಈಗ ಒಂದೂಕಾಲು ಪುಟ. ಮೊದಲು ಈ ಪ್ರದೇಶದ ಸಮಸ್ಯೆ, ಆಮೇಲೆ ಬೇರೆಯವರು ಕಂಡುಕೊಂಡದ್ದು, ಆಮೇಲೆ ಅವರು ಬಿಟ್ಟ ಜಾಗ, ಕೊನೆಯ ವಾಕ್ಯದಲ್ಲಿ ನೀರುಗಂಟಿಯ ಪ್ರಶ್ನೆ, ಪೇಪರಿನ ಭಾಷೆಯಲ್ಲಿ. ಸಾರಾಂಶ 250 ಪದದೊಳಗೆ ಇರಬೇಕಿತ್ತು, ಎಂಟು ಸಲ ಬರೆದೆ. ಶೀರ್ಷಿಕೆಯಿಂದ 'ಒಂದು ಅಧ್ಯಯನ' ಅನ್ನುವ ಬಾಲ ಕತ್ತರಿಸಿದೆ.

ಲೇಖಕರ ಹೆಸರಿನ ವಿಷಯಕ್ಕೆ ಒಂದು ಸಣ್ಣ ಜಟಾಪಟಿ ಆಯಿತು. ಒಂದು ದಿನವೂ ಈ ಕೆಲಸದ ಕಡೆ ತಿರುಗಿ ನೋಡದ ಒಬ್ಬ ಹಿರಿಯರು "ನನ್ನ ಹೆಸರೂ ಹಾಕ್ಬಿಡಮ್ಮ" ಅಂದರು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿ ಇದಕ್ಕೆ ನಾಲ್ಕು ಷರತ್ತು ಇಟ್ಟಿದೆ: ಕೆಲಸದಲ್ಲಿ ಗಣನೀಯ ಪಾಲು ಇರಬೇಕು, ಬರೆಯುವುದರಲ್ಲೋ ತಿದ್ದುವುದರಲ್ಲೋ ಪಾಲು ಇರಬೇಕು, ಕೊನೆಯ ಪ್ರತಿ ಒಪ್ಪಿರಬೇಕು, ಇಡೀ ಕೆಲಸಕ್ಕೆ ಹೊಣೆ ಹೊರಬೇಕು. ನಾಲ್ಕೂ ಬೇಕು. ಬೇರೆ ವಿಷಯದ ಪತ್ರಿಕೆಗಳೂ ಇದನ್ನು ಪಾಲಿಸುವುದುಂಟು. ಮೇಡಂ ಆ ಪಟ್ಟಿಯನ್ನು ಅವರಿಗೆ ಮೇಲ್ ಮಾಡಿದರು. ಉತ್ತರ ಬರಲಿಲ್ಲ, ಹೆಸರೂ ಬರಲಿಲ್ಲ.

ಈ ನಡುವೆ ದಿನಾ ಎರಡು ಮೂರು ಮೇಲ್. 'ಮಾನ್ಯ ಪ್ರೊಫೆಸರ್, ನಿಮ್ಮ ಅಮೂಲ್ಯ ಪ್ರಬಂಧ ಕಳಿಸಿ, ಮೂರು ದಿನದಲ್ಲಿ ಪ್ರಕಟಿಸುತ್ತೇವೆ.' ನಾನು ಪ್ರೊಫೆಸರ್ ಅಲ್ಲ, ಮೂರು ದಿನದಲ್ಲಿ ಯಾರೂ ಪೇಪರನ್ನು ಪರಿಶೀಲಿಸೋಕೆ ಆಗಲ್ಲ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಅಂಗಡಿಗಳು ಅವು. ಸುಸ್ತಾಗಿದ್ದ ಒಂದು ರಾತ್ರಿ ಅಂಥದ್ದೊಂದರ ಫಾರಂ ಅರ್ಧ ತುಂಬಿದ್ದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಆಗಸ್ಟ್ ಕೊನೆಗೆ ಒಂದು ಒಳ್ಳೆಯ ಜರ್ನಲ್ಲಿಗೆ ಕಳಿಸಿದೆವು. ಆರನೇ ದಿನ ವಾಪಸ್ಸು. ಪೇಪರ್ ಪರಿಶೀಲಿಸುವ ಬೇರೆ ವಿಜ್ಞಾನಿಗಳು, ಅಂದರೆ ರಿವ್ಯೂವರ್‌ಗಳಿಗೂ ಹೋಗಿರಲಿಲ್ಲ, ಒಂದು ತಾಲ್ಲೂಕಿನ ವಿಷಯ ನಮ್ಮ ಓದುಗರಿಗೆ ಹೊಂದುವುದಿಲ್ಲ ಅಂತ ಎಡಿಟರ್ ಬರೆದಿದ್ದರು. ಕಳಿಸುವ ಮೊದಲು ಅವರ ಹಿಂದಿನ ಹತ್ತು ಸಂಚಿಕೆ ತಿರುವಿ ಹಾಕಿದ್ದರೆ ನಮಗೇ ಗೊತ್ತಾಗುತ್ತಿತ್ತು. ಅಂತರ್ಜಲದ್ದೇ ಒಂದು ಜರ್ನಲ್ಲಿಗೆ, ಅವರ ಪದ್ಧತಿಗೆ ತಕ್ಕಂತೆ ಆಧಾರಗಳ ಪಟ್ಟಿ ತಿದ್ದಿ, ಸೆಪ್ಟೆಂಬರಿನಲ್ಲಿ ಕಳಿಸಿದೆವು.

ಡಿಸೆಂಬರಿನಲ್ಲಿ ಎರಡು ರಿವ್ಯೂ ಬಂದವು. ಮೊದಲನೆಯವರದು ಅರ್ಧ ಪುಟ. ಎರಡನೆಯವರದು ನಾಲ್ಕು ಪುಟ, 23 ಆಕ್ಷೇಪ. ಮೊದಲ ಸಲ ಓದಿದಾಗ ಅಳು ಬಂತು. ಮೇಡಂ ಎರಡು ದಿನ ಅದನ್ನು ತೆರೆಯಬೇಡ ಅಂದರು. ಮೂರನೇ ದಿನ ತೆರೆದಾಗ ಅದೇ ಸಾಲುಗಳು ಬೈಗುಳದ ಹಾಗೆ ಕಾಣಲಿಲ್ಲ. ಒಂದೊಂದು ಆಕ್ಷೇಪವನ್ನೂ ಹಾಗೇ ನಕಲು ಮಾಡಿ, ಕೆಳಗೆ ಉತ್ತರ, ಅದರ ಕೆಳಗೆ ತಿದ್ದಿದ ಸಾಲಿನ ನಂಬರು. ಎರಡು ಕಡೆ 'ನಾವು ಒಪ್ಪುವುದಿಲ್ಲ, ಕಾರಣ ಇದು' ಅಂತಲೂ ಬರೆದೆವು. 'ಕ್ಯಾಲ್ಸಿಯಂ ಕಮ್ಮಿಯಾದ್ದರಿಂದಲೇ ಫ್ಲೋರೈಡ್ ಹೆಚ್ಚಿತು ಎಂದು ನೀವು ಹೇಗೆ ಹೇಳುತ್ತೀರಿ, ಎರಡೂ ಜತೆಗೆ ಕಂಡವು ಅಷ್ಟೇ ಅಲ್ಲವೇ?' ಅಂತ ಕೇಳಿದ್ದರು. ಸರಿಯಾದ ಮಾತು. ನಮ್ಮ ವಾಕ್ಯವನ್ನು ಒಂದು ಮೆಟ್ಟಿಲು ಇಳಿಸಿದೆವು.

ಹನ್ನೆರಡನೇ ಆಕ್ಷೇಪ ಓದಿದಾಗ ಮಾತ್ರ ಬೆನ್ನಲ್ಲಿ ಚಳಿ ಹುಟ್ಟಿತು. 'ಬೈಕಾರ್ಬೊನೇಟ್ ಅನ್ನು ನೀರು ಸಂಗ್ರಹಿಸಿ ಎಷ್ಟು ಗಂಟೆಯೊಳಗೆ ಅಳೆದಿರಿ? ಅಯಾನು ತಾಳೆ ಎಷ್ಟು?' ನಾನು ಬರೆದ ಉತ್ತರ ಎರಡು ಸಾಲು: ಆ ದಿನವೇ, ಸ್ಥಳದಲ್ಲೇ, ಎಲ್ಲ 45ರಲ್ಲೂ ಶೇ. 5ರೊಳಗೆ.

ಫೆಬ್ರವರಿಯಲ್ಲಿ ಒಪ್ಪಿಗೆ ಬಂತು, ಹಿಂದೆಯೇ ಪ್ರೂಫ್, ಅಂದರೆ ಅಚ್ಚಾಗುವ ಮೊದಲು ತಿದ್ದೋಕೆ ಕಳಿಸುವ ಪ್ರತಿ. 48 ಗಂಟೆಯಲ್ಲಿ ನೋಡಿ ವಾಪಸ್ ಕಳಿಸಬೇಕು. ಅವತ್ತು ಬೇರೆ ಕೆಲಸಕ್ಕೆ ಅದೇ ಹಳ್ಳಿಗೆ ಹೋಗುವುದಿತ್ತು. ಕೃತಜ್ಞತೆಯ ಸಾಲಿನಲ್ಲಿ ನೀರುಗಂಟಿ ಅಣ್ಣನ ಹೆಸರಿತ್ತು, ತೋರಿಸೋಣ ಅಂತ ಪ್ರಿಂಟ್ ಒಯ್ದೆ. ಹೆಸರು ನೋಡಿ ಸುಮ್ಮನೆ ನಕ್ಕರು. ಆಮೇಲೆ ಬೋರ್‌ಗಳ ಜಾಗ ತೋರಿಸುವ ಮ್ಯಾಪ್ ಇದ್ದ ಪುಟ ಹಿಡಿದು, ಕಣ್ಣು ಕಿರಿದು ಮಾಡಿ, ಬೆರಳಿನಲ್ಲಿ ಕೆರೆ ಹುಡುಕಿದರು.

"ಇದು ನಮ್ಮ ಕೆರೆ ಅಲ್ವಾ?"

"ಹೂಂ ಅಣ್ಣ."

"ಮತ್ತೆ ಶಾಲೆ ಹಿಂದಿನ ಬೋರು ಕೆರೆಯಿಂದ ಆ ಕಡೆ ಯಾಕ್ ಹೋಯ್ತು? ಅದು ಈ ಕಡೆ ಐತಲ್ಲ."

ಫೋನ್ ತೆಗೆದು ಟೇಬಲ್ ನೋಡಿದೆ, ಜಿಪಿಎಸ್ ನೋಟ್‌ಬುಕ್ ನೋಡಿದೆ. ರೇಖಾಂಶದ ದಶಮಾಂಶದಲ್ಲಿ 246 ಇರಬೇಕಾದಲ್ಲಿ 264 ಅಂತ ಟೈಪ್ ಮಾಡಿದ್ದೆ. ನೆಲದ ಮೇಲೆ ಸುಮಾರು ಎರಡು ಕಿಲೋಮೀಟರ್. ನಾನು, ಮೇಡಂ, ಎಡಿಟರ್, ಇಬ್ಬರು ರಿವ್ಯೂವರ್‌ಗಳು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಂಪ್ ಹೌಸಿನ ಕಟ್ಟೆಯ ಮೇಲೆ ಕೂತು, ಪ್ರೂಫಿನಲ್ಲಿ ಆ ಚುಕ್ಕೆಗೆ ಸುತ್ತು ಹಾಕಿ ಬಾಣ ಎಳೆದೆ. ಅಣ್ಣ ಪಕ್ಕದಲ್ಲೇ ನಿಂತು, ಮಿಕ್ಕ ಚುಕ್ಕೆಗಳನ್ನು ಒಂದೊಂದಾಗಿ ನೋಡುತ್ತಿದ್ದರು.